ದೋಷ ಹೇಳದ ಮನೆ

ದಲ್ಲಾಳಿ ರುದ್ರಸ್ವಾಮಿ ಮನೆ ತೋರಿಸುವ ರೀತಿಯೇ ಬೇರೆ. ಮೈಸೂರಿನ ಪ್ಲೇಗಿಗೆ ಹೆದರಿ ಹುಣಸೂರಿನಲ್ಲಿ ಮನೆ ಕೊಳ್ಳಲು ಬರುವವರಿಗೆ ಅವನು ಮೊದಲು ಹೇಳುತ್ತಿದ್ದುದು ಮನೆಯ ದೋಷ. ಸೋರುವ ಮೂಲೆ, ಗೆದ್ದಲು ಹಿಡಿದ ತೊಲೆ, ಬೇಸಿಗೆಗೆ ಬತ್ತುವ ಬಾವಿ. ಮನೆ ಒಪ್ಪಿಗೆಯಾದ ಮೇಲೂ, ಬೀಗದಕೈ ಕೊಡುವ ಮೊದಲು ಒಂದು ಬೆಳಗ್ಗೆ ಒಬ್ಬನೇ ಹೋಗಿ ಅಡುಗೆಮನೆಯಲ್ಲಿ ಕೂತು ಬರುತ್ತಿದ್ದ. ಸುಮ್ಮನೆ ಕೂತರೆ ಮನೆ ತಾನಾಗಿ ಬಾಯಿ ಬಿಡುತ್ತದೆ ಎನ್ನುವುದು ಅವನ ನಂಬಿಕೆ.

"ಏನ್ರೀ, ಮನೆ ಮಾರೋಕೆ ಬಂದಿದೀರೋ, ನಮ್ಮನ್ನ ಓಡಿಸೋಕೋ?" ಮೊದಲ ದಿನವೇ ಮಂಗಳಗೌರಿ ಕೇಳಿದ್ದಳು. ಮೈಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಹೋದ ವರ್ಷ ತಾಯಿಯನ್ನು ಪ್ಲೇಗಿಗೆ ಕೊಟ್ಟು, ಈಗ ತಂದೆ ಷಣ್ಮುಖಪ್ಪನವರ ಜೊತೆ ಬಂದಿದ್ದಳು.

"ಓಡೋರು ಈಗ್ಲೇ ಓಡ್ಲಿ ಬುಡಿ ಅಮ್ಮಾವ್ರೆ. ಆಮೇಲೆ ನನ್ನ ಬೈಯೋದು ತಪ್ತದೆ."

"ನಾನು ಬೈಯೋದು ನೀವಿನ್ನೂ ಕೇಳಿಲ್ಲ." ಸೆರಗಿನಂಚು ಬಾಯಿಗೆ ಅಡ್ಡ ಹಿಡಿದಳು. ಕಣ್ಣು ಮಾತ್ರ ನಗುವನ್ನು ಮುಚ್ಚಿಡಲಿಲ್ಲ. "ಇನ್ನೊಂದು. ಅಮ್ಮಾವ್ರೆ ಅನ್ಬೇಡಿ. ನಂಗೂ ಒಂದು ಹೆಸರಿದೆ."

ಮೂರು ವಾರದಲ್ಲಿ ಏಳು ಮನೆ ನೋಡಿದರು. ಏಳಕ್ಕೂ ಅವನು ದೋಷ ಹೇಳಿದ. ಏಳನ್ನೂ ಅವಳು ಬೇಡವೆಂದಳು. ಷಣ್ಮುಖಪ್ಪನವರು ಬಿಸಿಲಿಗೆ ಸೋತು, "ಇನ್ನೊಂದೇ ಮನೆ ನೋಡೋದು. ಆಗ್ಲಿಲ್ಲ ಅಂದ್ರೆ ಶಿವಮೊಗ್ಗಕ್ಕೆ, ಮಗನ ಹತ್ರ" ಎಂದರು.

ಎಂಟನೆಯದು ಲಕ್ಷ್ಮಣತೀರ್ಥದ ದಂಡೆಯ ಹೆಂಚಿನ ಮನೆ. ಅಡುಗೆಮನೆಯ ಕಿಟಕಿಯಲ್ಲಿ ಹೊಳೆ ಕಾಣುತ್ತಿತ್ತು. ಮಂಗಳಗೌರಿ ಸರಳು ಹಿಡಿದು ನಿಂತು, ತಿರುಗದೆಯೇ ಕೇಳಿದಳು.

"ನಿಮ್ಮ ಮನೆ ಎಷ್ಟು ದೂರ?"

"ಕೂಗಿದ್ರೆ ಕೇಳುಸ್ತದೆ."

"ಕೂಗಿದ್ರೆ ಬರ್ತೀರಾ?"

ಅವನು ಬಾಗಿಲ ಅಗುಳಿ ನೋಡತೊಡಗಿದ. ಸರಿಯಾಗಿದ್ದ ಅಗುಳಿಯನ್ನೇ ನಾಲ್ಕು ಸಲ ಎಳೆದು ನೋಡಿದ.

ಮನೆ ಒಪ್ಪಿಗೆಯಾಯಿತು. ಸೋಮವಾರ ಬೆಳಗ್ಗೆ ಆ ಅಡುಗೆಮನೆಯಲ್ಲಿ ಅವನು ಒಬ್ಬನೇ ಕೂತ. ಒಲೆಯ ಹಿಂದೆ ಒಂದು ಇಲಿ ಸತ್ತು ಬಿದ್ದಿತ್ತು. ಮೈಮೇಲೆ ಬೆಕ್ಕಿನ ಹಲ್ಲಿನ ಗುರುತಿಲ್ಲ. ಹಾಗೆ ಇಲಿ ಬಿದ್ದರೆ ಪ್ಲೇಗು ಬಂತೆಂದೇ ಅರ್ಥ, ಊರಿಗೆ ಊರೇ ಮನೆ ಬಿಟ್ಟು ಹೊಲದ ಜೋಪಡಿ ಸೇರಬೇಕು. ಅವಳು ಶಿವಮೊಗ್ಗದ ದಾರಿ ಹಿಡಿಯುತ್ತಾಳೆ. ರುದ್ರಸ್ವಾಮಿ ಅದನ್ನು ಬರಿಗೈಯಲ್ಲಿ ಎತ್ತಿ ಹಿತ್ತಲಲ್ಲಿ ಹೂತ. ಒಲೆ ಸಾರಿಸಿದ. ಯಾರಿಗೂ ಹೇಳಲಿಲ್ಲ.

ಗುರುವಾರ ಸಾಮಾನಿನ ಗಾಡಿ ಬಂದಾಗ ಅವನು ಬಾಗಿಲಿಗೆ ಒರಗಿ ನಿಂತಿದ್ದ. ವಿಭೂತಿಯ ಕೆಳಗೆ ಹಣೆ ಸುಡುತ್ತಿತ್ತು.

"ಎಲ್ಲಿ, ದೋಷ ಹೇಳಿ" ಎಂದಳು ಮಂಗಳಗೌರಿ ಅಂಗಳದಲ್ಲಿ ನಿಂತು.

"ಇಲ್ಲ."

"ಒಂದೂ ಇಲ್ವಾ?"

ಅವಳ ಮುಖ ಮೆಲ್ಲಗೆ ಕೆಂಪೇರಿತು. ಅವನು ದೋಷ ಹೇಳದ ಮೊದಲ ಮನೆ ಇದು. ನೀನು ಇಲ್ಲೇ ಇರು ಎಂದು ಹೇಳುವ ಅವನ ರೀತಿ ಇದೆಂದುಕೊಂಡಳು. ಬೀಗದಕೈಗೆ ಅಂಗೈ ಚಾಚಿ ಮುಂದೆ ಬಂದಳು.

"ಅಲ್ಲೇ ನಿಲ್ಲಿ!" ಅವನ ದನಿ ಒಡೆಯಿತು. "ಇಲಿ ಬಿದ್ದಿತ್ತು ಕಣ್ರೀ, ಸೋಮವಾರಾನೇ. ನೀವು ಒಂಟೋಯ್ತೀರ ಅಂತ ಹೇಳ್ನಿಲ್ಲ. ನಾನೇ ಹೂತಾಕ್ದೆ. ಈಗ ಕಂಕುಳಲ್ಲಿ ಗಡ್ಡೆ ಎದ್ದದೆ. ಹತ್ರ ಬರಬ್ಯಾಡಿ."

"ಶಿವ ಶಿವಾ!" ಷಣ್ಮುಖಪ್ಪನವರು ಮಗಳ ರಟ್ಟೆ ಹಿಡಿದರು. ಅವಳು ಕದಲಲಿಲ್ಲ.

"ಮೂರು ದಿನ ಮುಚ್ಚಿಟ್ರಾ? ಅಮ್ಮನ್ನ ಕಳ್ಕೊಂಡವಳ ಹತ್ರ?"

"ಊಂ. ಊರ ಮನೆ ದೋಷ ಎಲ್ಲ ಹೇಳ್ದೋನು, ನಂದೊಂದು ಮುಚ್ಕಂಡೆ. ಬಯ್ರಿ. ನಿಮ್ಮ ಬೈಗುಳ ಇನ್ನೂ ಕೇಳಿಲ್ಲ ಅಂದಿದ್ರಲ್ಲ."

ಅವಳು ಬೈಯಲೆಂದೇ ಬಾಯಿ ತೆರೆದಳು. ಆದರೆ, "ಬದುಕಿ ಉಳ್ಕೊಳ್ಳಿ. ಬಂದು ಬೈತೀನಿ" ಎಂದಳು.

"ಚಾವಡೀಲಿ ಇಲಿ ಬಿದ್ದದ್ದು ಹೇಳೋಗಿ. ಊರಾದ್ರೂ ಉಳೀಲಿ." ಬಾಗಿಲ ಕಡೆ ತಿರುಗುತ್ತ ಹೇಳಿದ, "ಓಗಿ, ಮಂಗಳಗೌರಿ."

ಗಾಡಿ ತಿರುಗಿತು. ಅವನು ಬೀಗ ತೆಗೆದು ಒಳಗೆ ಹೋಗಿ ಅಗುಳಿ ಹಾಕಿಕೊಂಡ. ಅಡುಗೆಮನೆಯಲ್ಲಿ ಕೂತ. ಎತ್ತಿನ ಗಂಟೆಯ ಸದ್ದು ಹೊಳೆಯ ದಂಡೆಗುಂಟ ದೂರವಾಗುತ್ತಿತ್ತು. ಅಷ್ಟರಲ್ಲಿ, ಒಂದೇ ಸಲ, ಅವನ ಹೆಸರು ಹಿಡಿದು ಅವಳು ಕೂಗಿದಳು.

ಕೇಳಿಸಿತು.

ರುದ್ರಸ್ವಾಮಿ ಎದ್ದು, ಅವಳು ಹಿಡಿದಿದ್ದ ಸರಳನ್ನೇ ಹಿಡಿದು ನಿಂತ. ಬಾಗಿಲ ಕಡೆ ಹೋಗಲಿಲ್ಲ.