ನಂದೀಶ ಸರ್ ಅವರ ಹೊಸ ಬ್ರೇಕು

“ಸಾಯಿಮಾ, ಎದ್ದು ನಿಲ್ಲು. ನಿಮ್ಮಪ್ಪ ನನ್ನ ಕಾರಿಗೆ ಬ್ರೇಕ್ ಹಾಕ್ಯಾನೋ, ತೊಟ್ಟಲಾ ಕಟ್ಯಾನೋ?”

ಐದನೇ ಕ್ಲಾಸಿನ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನಂದೀಶ ಸರ್ ಜೋಕು ಹೇಳುವುದೇ ಅಪರೂಪ. ಹೇಳಿದಾಗ ನಗದಿದ್ದರೆ ಹದಿನೇಳರ ಮಗ್ಗಿ ಒಪ್ಪಿಸಬೇಕಾಗುತ್ತದೆ. ಹಾಗಾಗಿ ಅರ್ಥವಾಗದವರು ಇನ್ನೂ ಜೋರಾಗಿ ನಕ್ಕರು.

“ಬ್ರೇಕ್ ಒತ್ತಿದರ ಸ್ಟೇರಿಂಗ್ ಗಡಗಡ ನಡುಗತೈತಿ. ಇವತ್ತ ಸಂಜಿಕೆ ಗ್ಯಾರೇಜಿಗೆ ಬರತೀನಿ ಅಂತ ಹೇಳು,” ಎಂದರು ಸರ್.

ಹಿಂದಿನ ಬೆಂಚಿನ ಸುದೀಪ ಸ್ಟೇರಿಂಗ್ ಹಿಡಿದವನಂತೆ ಕೈ ಮಾಡಿ, ಮೈಯೆಲ್ಲ ನಡುಗಿಸಿ ತೋರಿಸಿದ. ಮತ್ತೆ ನಗು. ಸಾಯಿಮಾಗೆ ಅಳು ಬರಲಿಲ್ಲ, ಸಿಟ್ಟು ಬಂತು. ಬೆಟಗೇರಿಯಲ್ಲಿ ಅಯ್ಯೂಬನ ಗ್ಯಾರೇಜು ಎಂದರೆ ಜನ ಕಣ್ಣು ಮುಚ್ಚಿ ಗಾಡಿ ಬಿಟ್ಟು ಹೋಗುತ್ತಾರೆ. ಅಂಥ ಅಬ್ಬಾನ ಹೆಸರು ಇಲ್ಲಿ ನಗೆಪಾಟಲಾಗಿತ್ತು.

ನಡೆದದ್ದು ಇಷ್ಟು. ಹೋದ ಭಾನುವಾರ ಸರ್ ಕಾರಿನ ಮುಂದಿನ ಗಾಲಿಗಳಿಗೆ ಅಬ್ಬಾ ಹೊಸ ಬ್ರೇಕ್ ಡಿಸ್ಕು, ಹೊಸ ಪ್ಯಾಡು ಹಾಕಿದ್ದರು. ಡಿಸ್ಕ್ ಎಂದರೆ ಗಾಲಿಯ ಜೊತೆ ತಿರುಗುವ ಕಬ್ಬಿಣದ ತಟ್ಟೆ. ಬ್ರೇಕ್ ಒತ್ತಿದಾಗ ಪ್ಯಾಡುಗಳು ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತವೆ.

“ಸರ್, ಎರಡೂ ಹೊಸವು. ಒಂದಕ್ಕೊಂದು ಹೊಂದಿಕೋಬೇಕ್ರಿ,” ಎಂದಿದ್ದರು ಅಬ್ಬಾ. “ಈಗ ಮುಂಡರಗಿ ರಸ್ತಾದಾಗ ಒಂದ ರೌಂಡ್ ಹೋಗಿ ಬರೂಣ. ಅರವತ್ತರ ಸ್ಪೀಡಿನಿಂದ ಹತ್ತಕ್ಕ ಮೆತ್ತಗ ಇಳಸೋದು. ಪೂರಾ ನಿಲ್ಲಸೋದಲ್ಲ. ಹಿಂಗ ಮೂವತ್ತ ಸಲ.”

“ಮೂವತ್ತ ಸಲಾ? ನನಗೆಲ್ಲಿ ಟೈಮ್ ಐತೋ ಅಯ್ಯೂಬ!” ಎಂದಿದ್ದರು ಸರ್, ಕಿವಿಯಿಂದ ಫೋನು ತೆಗೆಯದೆ.

ಅಬ್ಬಾ ಅಷ್ಟಕ್ಕೇ ಬಿಡಲಿಲ್ಲ. ತಾವು ಹೇಳುತ್ತಾ ಸಾಯಿಮಾಳ ಕೈಯಲ್ಲಿ ಒಂದು ಚೀಟಿ ಬರೆಸಿದರು. ಮುನ್ನೂರು ಕಿಲೋಮೀಟರ್ ತನಕ ಗಕ್ಕನೆ ಬ್ರೇಕ್ ಹೊಡೆಯಬಾರದು. ಡಿಸ್ಕ್ ಕಾದಾಗ ಪೆಡಲ್ ಒತ್ತಿಕೊಂಡು ನಿಲ್ಲಬಾರದು. ಕಾದ ಡಿಸ್ಕಿಗೆ ನೀರು ಹೊಡೆಯಬಾರದು. ಸಾಯಿಮಾ ಪ್ರತಿ ಸಾಲಿನ ಕೆಳಗೆ ಕೆಂಪು ಗೆರೆಯನ್ನೂ ಎಳೆದಳು. ಪರೀಕ್ಷೆಯ ಹೊತ್ತಿನಲ್ಲಿ “ಮೊದಲು ಸೂಚನೆ ಓದ್ರಿ” ಎಂದು ನೂರು ಸಲ ಹೇಳುವ ಸರ್, ಚೀಟಿಯನ್ನು ಓದದೆ ಜೇಬಿಗೆ ಹಾಕಿಕೊಂಡರು.

ಮರುದಿನ ಶಾಲೆಯ ಗೇಟಿನ ಮುಂದೆ ಹೊಸ ಬ್ರೇಕಿನ ಪ್ರದರ್ಶನ ಶುರುವಾಯಿತು. ಹೆಡ್ ಟೀಚರ್ ಬಂದರು. ಸರ್ ದೂರದಿಂದ ಜೋರಾಗಿ ಓಡಿಸಿಕೊಂಡು ಬಂದು ಕಿರ್ರ್ ಎಂದು ನಿಲ್ಲಿಸಿ, “ನೋಡ್ರಿ ಮೇಡಂ, ಹೆಂಗ ನಿಂತತು!” ಎಂದರು. ಗಂಟೆ ಹೊಡೆಯುವ ದೇವಪ್ಪ ಬಂದ. ಅವನಿಗೂ ತೋರಿಸಿದರು. ಚಹಾ ತಂದವನಿಗೆ, ಹಾಲಿನವನಿಗೆ, ಸುಮ್ಮನೆ ದಾರಿಯಲ್ಲಿ ಹೊರಟಿದ್ದ ಒಬ್ಬ ಮುದುಕನಿಗೂ ತೋರಿಸಿದರು. ಮುದುಕ ಹೆದರಿ ಗಟಾರ ದಾಟಿ ನಿಂತ.

ಸರ್ ಕ್ಲಾಸಿನಲ್ಲಿ ಜೋಕು ಹೇಳಿದ ದಿನ ಸಂಜೆ ಕಾರು ಗ್ಯಾರೇಜಿಗೆ ಬಂತು. ಅಬ್ಬಾ ಗಾಲಿ ಬಿಚ್ಚಿ ಡಿಸ್ಕ್ ನೋಡಿದರು. ಅಲ್ಲಲ್ಲಿ ಕಪ್ಪು ಕಲೆಗಳಿದ್ದವು.

“ಕಾದ ಪ್ಯಾಡಿನ ಮಸಿ ಡಿಸ್ಕಿಗೆ ಹತ್ತೇತ್ರಿ. ಅದಕ್ಕ ನಡುಗತೈತಿ. ಎಷ್ಟ ಸಲ ಗಕ್ಕನ ನಿಲ್ಲಸಿದ್ರಿ ಸರ್?”

“ಏ, ಒಂದೋ ಎರಡೋ.”

“ಒಂಬತ್ತ ಸಲ!” ಸಾಯಿಮಾಗೆ ತಡೆಯಲಾಗಲಿಲ್ಲ. “ನಾನ ಎಣಿಸೀನಿ!”

ಸರ್ ತಮ್ಮ ಚಪ್ಪಲಿ ನೋಡಿಕೊಂಡರು. ಆದರೆ ಅಬ್ಬಾ ಅವಳ ಕಡೆ ತಿರುಗಿದರು.

“ನೀ ಅಲ್ಲೇ ಇದ್ದೇನು? ಚೀಟಿ ಬರದಾಕಿ ನೀನ ಅಲ್ಲಾ? ಮತ್ತ ಹೇಳಲಿಲ್ಲೇನು?”

ಈಗ ಸಾಯಿಮಾ ತನ್ನ ಚಪ್ಪಲಿ ನೋಡಿಕೊಂಡಳು. ಆ ದಿನ ಅವಳು ಹೇಳುವುದಿರಲಿ, ಗೇಟಿನ ಕಟ್ಟೆ ಹತ್ತಿ ಚಪ್ಪಾಳೆ ತಟ್ಟಿದ್ದಳು. “ನಮ್ಮ ಅಬ್ಬಾ ಹಾಕಿದ ಬ್ರೇಕು!” ಎಂದು ಎಲ್ಲರಿಗೂ ಸಾರಿದ್ದಳು. ಸರ್ ನಾಲ್ಕನೇ ಸಲ ನಿಲ್ಲಿಸಿ ಕೆಳಗಿಳಿಯಲು ಹೋದಾಗ, “ಒನ್ಸ್ ಮೋರ್!” ಎಂದು ಮೊದಲು ಕೂಗಿದವಳೂ ಅವಳೇ. ಕೆಂಪು ಗೆರೆ ಆಗ ನೆನಪಿಗೇ ಬರಲಿಲ್ಲ.

ಅಬ್ಬಾ ಪಾಲಿಶ್ ಪೇಪರಿನಿಂದ ಡಿಸ್ಕ್ ತಿಕ್ಕತೊಡಗಿದರು.

ಶನಿವಾರ ಶಾಲೆ ಬಿಟ್ಟ ಮೇಲೆ ಕಾರು ಮುಂಡರಗಿ ರಸ್ತೆ ಹಿಡಿಯಿತು. ಸರ್ ಓಡಿಸುತ್ತಿದ್ದರು, ಅಬ್ಬಾ ಪಕ್ಕದಲ್ಲಿ ಕುಳಿತಿದ್ದರು. ಸಾಯಿಮಾ ಹಿಂದಿನ ಸೀಟಿನಲ್ಲಿದ್ದಳು. ಎಣಿಸುವ ಕೆಲಸ ಅವಳದು.

“ಅರವತ್ತಕ್ಕ ಒಯ್ರಿ. ಹಿಂದ ಯಾರೂ ಇಲ್ಲ. ಈಗ ಒತ್ತರಿ. ಮೆತ್ತಗ ಸರ್, ಚೇಳ ತುಳಿದಂಗ ತುಳೀಬ್ಯಾಡ್ರಿ! ಹತ್ತಕ್ಕ ಬಂತು, ಕಾಲ ತಗೀರಿ. ಅರ್ಧಾ ನಿಮಿಷ ಹಂಗ ಓಡಲಿ, ಡಿಸ್ಕ್ ಆರತೈತಿ.”

“ಒಂದು,” ಎಂದಳು ಸಾಯಿಮಾ.

ಸ್ಟೇರಿಂಗ್ ನಡುಗಿದ ಹೊಡೆತಕ್ಕೆ ಸರ್ ಕನ್ನಡಕ ಮೂಗಿನ ತುದಿಗೆ ಬಂತು. ಎರಡು, ಮೂರು, ನಾಲ್ಕು. ಆರನೆಯದಕ್ಕೆ ಒಬ್ಬ ಟೆಂಪೋದವನು ಪಕ್ಕಕ್ಕೆ ಬಂದು, “ಏನ್ರಿ ಸರ್, ಡ್ರೈವಿಂಗ್ ಕ್ಲಾಸಿಗೆ ಹೆಸರ ಹಚ್ಚೀರೇನು?” ಎಂದು ಕೇಳಿ ಹೋದ.

ಸೀಟಿನ ಹಿಂಬದಿಯ ಚೀಲದಲ್ಲಿ ಸಾಯಿಮಾಗೆ ಒಂದು ಕಾಗದ ಸಿಕ್ಕಿತು. ಅವಳದೇ ಅಕ್ಷರ, ಅವಳದೇ ಕೆಂಪು ಗೆರೆ. ನಡುವೆ ಮಿರ್ಚಿ ಭಜಿಯ ಎಣ್ಣೆ ಹರಡಿ ಆಚೆ ಈಚೆ ಕಾಣುತ್ತಿತ್ತು. ಅವಳು ಅದನ್ನು ಬಿಡಿಸಿ, ಕನ್ನಡಿಯಲ್ಲಿ ಸರ್‌ಗೆ ಕಾಣುವಂತೆ ಹಿಡಿದಳು.

“ಅದು... ಭಜಿ ಅಂಗಡ್ಯಾಗ ಪೇಪರ್ ತೀರಿತ್ತು,” ಎಂದರು ಸರ್.

“ಎಂಟು,” ಎಂದಳು ಸಾಯಿಮಾ.

ಹನ್ನೆರಡಕ್ಕೆ ಸರ್ ಬೆವರು ಒರೆಸಿಕೊಂಡರು. “ಸಾಕಲ್ಲೋ ಅಯ್ಯೂಬ? ಎಲ್ಲಾ ಒಂದ ನಮೂನಿ ಐತಿ.”

“ಹನ್ನೆರಡ ಆಗ್ಯಾವ್ರಿ ಸರ್. ಇನ್ನ ಹದಿನೆಂಟ ಅದಾವ,” ಎಂಬ ಉತ್ತರ ಹಿಂದಿನಿಂದ ಬಂತು. ಹೋದ ತಿಂಗಳು ‘ವಿದ್ಯಾರ್ಥಿ’ ಎಂದು ಮೂವತ್ತು ಸಲ ಬರೆಯುವಾಗ, ಹನ್ನೆರಡಕ್ಕೆ ಕೈ ನೋವು ಎಂದ ಸಾಯಿಮಾಗೆ ಸರ್ ಹೇಳಿದ್ದು ಇದೇ ಮಾತು. ಅವಳು ಅದೇ ದನಿಯಲ್ಲಿ ವಾಪಸು ಕೊಟ್ಟಳು. ಅಬ್ಬಾ ಕಿಟಕಿಯ ಆಚೆ ಮುಖ ಮಾಡಿ ಮೀಸೆ ಒರೆಸಿಕೊಂಡರು.

ಇಪ್ಪತ್ತರ ಹೊತ್ತಿಗೆ ನಡುಕ ಕಡಿಮೆಯಾಯಿತು. ಮೂವತ್ತಕ್ಕೆ ಇಲ್ಲವೇ ಇಲ್ಲ. ಡಿಸ್ಕ್ ಆರಲೆಂದು ಡಂಬಳದ ತನಕ ಬ್ರೇಕ್ ಮುಟ್ಟದೆ ಸಾವಕಾಶ ಹೋದರು.

“ಇವತ್ತ ಗಾಡಿ ತೊಳೀಬ್ಯಾಡ್ರಿ,” ಎಂದರು ಅಬ್ಬಾ. “ಮತ್ತ ಮುನ್ನೂರ ಕಿಲೋಮೀಟರ ತನಕ ಯಾರಿಗೂ ತೋರಸಬ್ಯಾಡ್ರಿ.”

ಮನೆಗೆ ಬರುವಾಗ ಸಾಯಿಮಾ ಹೇಳಿದಳು, “ಅಬ್ಬಾ, ತಪ್ಪ ತಮ್ಮದ ಅಂತ ಸರ್ ಕ್ಲಾಸಿನ್ಯಾಗ ಹೇಳಬೇಕು. ನಕ್ಕದ್ದು ಕ್ಲಾಸಿನ್ಯಾಗ.”

“ಗಾಡಿ ಸರಿ ಆತಲ್ಲ, ಬಿಡು.”

ಅವಳು ಬಿಡಲಿಲ್ಲ. ಒಂಬತ್ತು ಸಲದ್ದು, ಭಜಿಯ ಎಣ್ಣೆಯದು, ಹನ್ನೆರಡಕ್ಕೆ ಸುಸ್ತಾದದ್ದು, ಎಲ್ಲ ಸೇರಿಸಿ ಎರಡು ದಿನ ಮನಸ್ಸಿನಲ್ಲೇ ಒಂದು ಭಾಷಣ ತಯಾರು ಮಾಡಿಕೊಂಡಳು. ಕ್ಲಾಸು ಈ ಸಲ ಸರ್ ಅವರನ್ನು ನೋಡಿ ನಗಬೇಕು.

ಸೋಮವಾರ ಸರ್ ಹಾಜರಿ ಕೂಗಿದರು, ಪುಸ್ತಕ ತೆಗೆಯಿರಿ ಎಂದರು. ಕಾರಿನ ಸುದ್ದಿಯೇ ಇಲ್ಲ. ಸುದೀಪ ಸುಮ್ಮನಿರುವ ಪೈಕಿ ಅಲ್ಲ. “ಸರ್, ತೊಟ್ಟಲಾ ಏನಾತ್ರಿ?” ಎಂದ.

“ಸರಿ ಆತು. ಅಯ್ಯೂಬ ರಿಪೇರಿ ಮಾಡಿ ಕೊಟ್ಟ,” ಎಂದು ಸರ್ ಬೋರ್ಡಿನ ಕಡೆ ತಿರುಗಿದರು.

ಸಾಯಿಮಾ ಎದ್ದು ನಿಂತಳು. ಭಾಷಣ ಬಾಯಲ್ಲೇ ಇತ್ತು. ಆದರೆ ಹೊರಗೆ ಬಂದದ್ದು ಬೇರೆ.

“ಸರ್, ಬ್ರೇಕ್ ಮೊದಲೂ ಸರಿ ಇದ್ದೂರಿ. ಗಕ್ಕನ ಒತ್ತಬಾರದು ಅಂತ ಚೀಟಿ ಬರದಾಕಿ ನಾನ. ಗೇಟಿನ್ಯಾಗ ‘ಒನ್ಸ್ ಮೋರ್’ ಅಂತ ಒದರಿದಾಕಿನೂ ನಾನ.”

ಅವಳ ಜೊತೆ ಅಂದು ಕೂಗಿದವರೆಲ್ಲ ಪುಸ್ತಕದಲ್ಲಿ ಮುಖ ಇಟ್ಟರು. ಬೋರ್ಡಿನ ಮೇಲೆ ಸರ್ ಕೈಯ ಚಾಕ್ ನಿಂತೇ ಇತ್ತು.

“ಒದರಿದಾಕಿ ನೀನು, ಖರೆ,” ಎಂದರು ಸರ್, ಇನ್ನೂ ಬೋರ್ಡನ್ನೇ ನೋಡುತ್ತಾ. ಆಮೇಲೆ ನಿಧಾನವಾಗಿ ತಿರುಗಿದರು. “ಒತ್ತಿದಾಂವ ನಾನು. ಅಯ್ಯೂಬ ಹೇಳಿದ್ದ, ನಾ ಕೇಳಲಿಲ್ಲ. ಅವನ ಕೆಲಸದಾಗ ಏನೂ ತಪ್ಪಿಲ್ಲ.”

ಯಾರೂ ನಗಲಿಲ್ಲ. ಸಾಯಿಮಾ ಕುಳಿತಳು. ಸರ್ ಮುಖ ಸಣ್ಣದಾಗುವುದನ್ನು ನೋಡಿ ಬಹಳ ಖುಷಿಯಾಗುತ್ತದೆ ಎಂದುಕೊಂಡಿದ್ದಳು. ಅಷ್ಟೇನೂ ಆಗಲಿಲ್ಲ. ತಪ್ಪು ಒಪ್ಪಿಕೊಳ್ಳುವ ಮಾತು ಬಾಯಿಂದ ಹೊರಡುವಾಗ ಹೇಗಿರುತ್ತದೆ ಎಂದು ಅವಳಿಗೂ ಈಗಷ್ಟೇ ಗೊತ್ತಾಗಿತ್ತು.