ಬಾಡಿಗೆಯಿಲ್ಲದ ಲೈನ್ ಮನೆ

"ಯಾರದು? ಎದುರಿಗೆ ಬನ್ನಿ!"

ನವ್ಯಶ್ರೀ ಗಕ್ಕನೆ ನಿಂತು ತಿರುಗಿದಳು. ಕೈಯಲ್ಲಿದ್ದ ಕೊಡೆಯನ್ನು ದೊಣ್ಣೆಯಂತೆ ಹಿಡಿದಿದ್ದಳು. ಹಿಂದೆ ಮಂಜು ಬಿಟ್ಟರೆ ಏನೂ ಕಾಣಲಿಲ್ಲ. ಇಷ್ಟು ಹೊತ್ತು ಅವಳ ಜೊತೆಗೇ ನಡೆದು ಬರುತ್ತಿದ್ದ ಹೆಜ್ಜೆಗಳು, ಅವಳು ನಿಂತೊಡನೆ ತಾವೂ ನಿಂತುಬಿಟ್ಟಿದ್ದವು.

ಕೊನೆಗೆ ಮಂಜಿನೊಳಗಿಂದ ಒಬ್ಬ ಯುವಕ ಹೊರಬಂದ. ಮಾಸಿದ ಜರ್ಕಿನ್, ಹೆಗಲಲ್ಲೊಂದು ಚೀಲ. ವಿಚಿತ್ರವೆಂದರೆ ಅವನು ಅವಳನ್ನು ನೋಡುತ್ತಲೇ ಇರಲಿಲ್ಲ... ಅವಳ ಪಕ್ಕದ ಕಾಫಿ ಗಿಡಗಳನ್ನೇ ದಿಟ್ಟಿಸುತ್ತಿದ್ದ.

"ನಡೀರಿ, ಇಲ್ಲಿ ನಿಲ್ಬ್ಯಾಡಿ," ಎಂದ.

"ನನ್ನ ಹಿಂದೆ ಯಾಕೆ ಬರ್ತಿದ್ದೀರಾ?"

"ದಿನಾ ಹೇಳ್ತಾನೇ ಇದೀನಲ್ರೀ... ನೀವು ಕೇಳಿದ್ರೆ ತಾನೇ?"

ದಿನಾ ಹೇಳುತ್ತಿದ್ದಾನಂತೆ! ಈ ಮನುಷ್ಯನ ದನಿಯನ್ನು ಅವಳು ಕೇಳಿದ್ದೇ ಈಗ. 'ತಲೆ ಸರಿಯಿಲ್ಲದವನಾ?' ನವ್ಯ ಮಾತು ಬೆಳೆಸದೆ ಬಿರಬಿರನೆ ನಡೆದಳು. ಎಸ್ಟೇಟ್ ಗೇಟಿನವರೆಗೂ ಹೆಜ್ಜೆ ಸಪ್ಪಳ ಹಿಂದೆಯೇ ಬಂತು. ಆಮೇಲೆ ಕೇಳಿಸಲಿಲ್ಲ.

ಭಯವಾಯಿತು, ನಿಜ. ಆದರೆ ಭಯಪಟ್ಟು ಎಸ್ಟೇಟಿನೊಳಗಿನ ತನ್ನ ಮನೆ ಬಿಡುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ನರ್ಸಿಂಗ್ ಓದಲು ಬ್ಯಾಂಕಿನಲ್ಲಿ ತೆಗೆದ ಸಾಲಕ್ಕೆ ಜಾಮೀನು ನಿಂತವರು ಅಮ್ಮ ಗಂಗಾಮಣಿ. ಕೆಲಸ ಸಿಗುವುದು ತಡವಾಗಿ ಕಂತು ತಪ್ಪಿದಾಗ, ವಸೂಲಿಗೆ ಬಂದವರು ಆಲೂರಿನ ಮನೆ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಅಮ್ಮನ ಹೆಸರು ಕೂಗಿದ್ದರು. ಅಂದಿನಿಂದ ಅಮ್ಮ ಎದುರು ಮನೆಯ ಮದುವೆಗೂ ಹೋಗಲಿಲ್ಲ. ಹಾನುಬಾಳಿನ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿದ ದಿನವೇ ನವ್ಯ ತೀರ್ಮಾನಿಸಿದ್ದಳು. ಸಾಲ ತೀರುವವರೆಗೆ ಆಟೋ ಇಲ್ಲ, ಹೊಸ ಬಟ್ಟೆ ಇಲ್ಲ, ಫೋನಿಗೆ ರೀಚಾರ್ಜೂ ಇಲ್ಲ. ಅಮ್ಮನೊಡನೆ ಮಾತಾಡಲು ಕ್ಲಿನಿಕ್ಕಿನ ಫೋನ್ ಸಾಕು. ಮದುವೆಯಂತೂ ಇಲ್ಲವೇ ಇಲ್ಲ!

ಎಸ್ಟೇಟಿನ ಕೂಲಿಯವರು ಹಿಂದೆ ವಾಸವಿದ್ದ ಲೈನ್ ಮನೆ ಅವಳಿಗೆ ಬಾಡಿಗೆಯಿಲ್ಲದೆ ಸಿಕ್ಕಿತ್ತು. ಕೊಡಿಸಿದವರು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸುಬ್ಬಯ್ಯ.

"ಒಲೆ ಹೊಗೆ ಆಡ್ದಿದ್ರೆ ಮನೆ ಗೆದ್ದಲ ಪಾಲಾಯ್ತದೆ ಕಣಮ್ಮ. ಸಾಹುಕಾರ್ರಿಗೆ ಒಲೆ ಹಚ್ಚೋರು ಒಬ್ರು ಇದ್ರೆ ಸಾಕು. ಆದ್ರೆ..." ಅವರು ದನಿ ತಗ್ಗಿಸಿದ್ದರು. "ನಂಜಮ್ಮ ಅಂತ ಒಬ್ಳಿದ್ಲು. ಆನೆ ಬಂದ್ರೆ ತಗಡು ಬಡಿದು ಲೈನೋರನ್ನೆಲ್ಲ ಎಬ್ಬಿಸ್ತಿದ್ಲು. ಒಂದಿನ ಆನೆನೇ ತುಳಿದ್ಬುಡ್ತು. ಆಮೇಲೆ ಯಾರೂ ಇಲ್ಲಿ ನಿಲ್ಲಲಿಲ್ಲ."

'ಸತ್ತವರು ಕಂತು ಕೇಳೋದಿಲ್ಲವಲ್ಲ!' ಎಂದುಕೊಂಡು ನವ್ಯ ಬೀಗದ ಕೈ ತೆಗೆದುಕೊಂಡಿದ್ದಳು.

ಆದರೆ ಕೆಲವು ಸಂಜೆ, ಅವಳು ಒಲೆ ಹಚ್ಚುವ ಹೊತ್ತಿಗೆ ಲೈನಿನ ಹಿಂದಿನಿಂದ ಸದ್ದು ಬರುತ್ತಿತ್ತು.

ಟಣ್... ಟಣ್... ಟಣ್...

ಎದ್ದು ಹೋಗಿ ನೋಡಿದರೆ ಹಲಸಿನ ಮರಕ್ಕೆ ನೇತುಹಾಕಿದ ತುಕ್ಕು ಹಿಡಿದ ತಗಡು. ಗಾಳಿಯಿಲ್ಲ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ತಗಡು ಮಾತ್ರ ಮೆಲ್ಲನೆ ತೂಗುತ್ತಿತ್ತು.

ಅವಳು ಒಳಗೆ ಬಂದು ಅಗುಳಿ ಹಾಕಿಕೊಳ್ಳುತ್ತಿದ್ದಳು. ಮಂಜಿನಲ್ಲಿ ಆ ಯುವಕನನ್ನು ಕಂಡ ಮೇಲೆ ಭಯದ ಜಾಗಕ್ಕೆ ಸಿಟ್ಟು ಬಂತು. 'ಅವನದೇ ಕೆಲಸ! ಹೆದರಿಸಿ ಓಡಿಸಬೇಕು ಅಂತಿದ್ದಾನೆ. ನಾನು ಹೋಗಲ್ಲ!'

ಮರುವಾರ ಒಂದು ಸಂಜೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗೇಟ್ ಕೈಗೆ ತಗುಲಿದ ಮೇಲೆಯೇ ಕಂಡದ್ದು. ಅವಳು ಒಳಗೆ ಬಂದಳು. ಹೆಜ್ಜೆಗಳು ಅವತ್ತು ಗೇಟಿನಲ್ಲಿ ನಿಲ್ಲಲಿಲ್ಲ!

ಅವೂ ಒಳಗೆ ಬಂದವು... ಜೋರಾಗಿ, ಓಡಿಕೊಂಡು!

ನವ್ಯ ದಾರಿ ಬಿಟ್ಟು ಕಾಫಿ ಗಿಡಗಳ ನಡುವೆ ನುಗ್ಗಿದಳು. ಉಸಿರು ಬಿಗಿಹಿಡಿದು ದೊಡ್ಡದೊಂದು ಬಂಡೆಯ ಮರೆಯಲ್ಲಿ ನಿಂತಳು. ಹಸಿ ಮಣ್ಣಿನ, ಜಗಿದ ಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು.

ಬಂಡೆ ಉಸಿರಾಡಿತು.

ಮಂಜಿನಲ್ಲಿ ಅಗಲವಾದ ಕಿವಿಯೊಂದು ನಿಧಾನವಾಗಿ ಬೀಸಿ ನಿಂತಿತು. ಆನೆ ಬಂದರೆ ಮರ ಮುರಿಯುವ ಸದ್ದಾಗುತ್ತದೆ ಎಂದೇ ಅವಳು ನಂಬಿದ್ದಳು. ಇಲ್ಲಿ ಒಂದು ಕಡ್ಡಿಯೂ ಮುರಿದಿರಲಿಲ್ಲ.

"ಅಲ್ಲಾಡ್ಬ್ಯಾಡಿ," ಹಿಂದಿನಿಂದ ಪಿಸುದನಿ. ಅದೇ ಯುವಕ. ಮೆಲ್ಲಗೆ ಬಂದು ಅವಳಿಗೂ ಆನೆಗೂ ನಡುವೆ ನಿಂತ. ಅವನ ಬೆನ್ನು ನಡುಗುತ್ತಿರುವುದು ಅವಳಿಗೆ ಕಾಣುತ್ತಿತ್ತು. ಆದರೂ ಅವನು ಪಕ್ಕಕ್ಕೆ ಸರಿಯಲಿಲ್ಲ.

ಸೊಂಡಿಲು ಮೇಲೆದ್ದಿತು.

ಟಣ್! ಟಣ್! ಟಣ್!

ಲೈನಿನ ಕಡೆಯಿಂದ ತಗಡು ಹುಚ್ಚು ಹಿಡಿದಂತೆ ಬಡಿದುಕೊಂಡಿತು. ಆನೆ ತಲೆ ತಿರುಗಿಸಿತು. ಒಂದು ಕ್ಷಣ ಆಲಿಸಿತು. ಆಮೇಲೆ ಬಂದಷ್ಟೇ ಸದ್ದಿಲ್ಲದೆ ಮಂಜಿನಲ್ಲಿ ಕರಗಿತು.

ಅವನು ಅವಳ ತೋಳು ಹಿಡಿದು ಜಗಲಿಗೆ ತಂದು ಕೂರಿಸಿದ. ಆಮೇಲೆ ಸಿಡಿದ!

"ಪ್ರವೀಣ್ ಅಂತ ಕಣ್ರೀ ನಾನು, ಆನೆ ಕಾರ್ಯಪಡೆಯೋನು! ಸುಬ್ಬಯ್ಯನೋರು ನಿಮ್ಮ ನಂಬರ್ ಕೊಟ್ಟವ್ರೆ. ಆನೆ ಎಲ್ಲೈತೆ ಅಂತ ದಿನಾ ಮೆಸೇಜ್ ಕಳಿಸ್ತೀನಿ. ಇವತ್ತು ತೋಟದೊಳಗೇ ಐತೆ ಅಂತಾನೂ ಕಳಿಸ್ದೆ. ಒಂದು ದಿನಾನಾದ್ರೂ ನೋಡಿದ್ದೀರಾ?"

ನವ್ಯ ತಲೆ ತಗ್ಗಿಸಿದಳು. "ಫೋನಿಗೆ... ರೀಚಾರ್ಜ್ ಹಾಕ್ಸಿಲ್ಲ. ಸಾಲ ಐತೆ."

ಪ್ರವೀಣನ ಸಿಟ್ಟು ಅಲ್ಲಿಗೇ ಇಳಿಯಿತು. "ಅಯ್ಯೋ... ನಾನು ನಿಮಗೆ ಜಂಬ ಅಂದ್ಕೊಂಡಿದ್ದೆ. ಮೆಸೇಜ್ ನೋಡದೆ ಓಡಾಡ್ತಾರಲ್ಲ, ಏನಾದ್ರೂ ಆಗ್ಬುಟ್ರೆ ಅಂತ ಹಿಂದೆ ಬರ್ತಿದ್ದೆ."

"ಹೇಳಿ ಜೊತೆಗೇ ಬರಬಹುದಿತ್ತಲ್ಲ?"

"ಜೊತೆಗೆ ಬಂದ್ರೆ ಹಾನುಬಾಳಿನ ಜನ ಸುಮ್ನಿರ್ತಾರಾ? ನಿಮ್ಮ ಹೆಸರು ಕೆಡ್ತದೆ ಅಂತ ದೂರ ಇದ್ದೆ."

ಹೆಸರು! ಅವಳ ಮನೆಯ ಹೆಸರಿನ ಬಗ್ಗೆ ಇಷ್ಟು ಯೋಚಿಸಿದವರು ಯಾರಿದ್ದರು? ನವ್ಯಳ ಕಣ್ಣು ತುಂಬಿತು.

"ತಗಡು ಬಡಿದೋರು ನಿಮ್ಮ ಕಡೆಯೋರಾ?"

ಪ್ರವೀಣ್ ಮೆಲ್ಲಗೆ ಹಲಸಿನ ಮರದತ್ತ ತಿರುಗಿದ. "ಇವತ್ತು ನಾನೊಬ್ನೇ ಬಂದಿದ್ದು. ನೀವೇ ತಗಡು ಬಡಿಯೋಕೆ ಯಾರನ್ನಾದ್ರೂ ನಿಲ್ಸಿದ್ದೀರ ಅಂದ್ಕೊಂಡೆ..."

ಮರದ ಕೆಳಗೆ ಯಾರೂ ಇರಲಿಲ್ಲ. ತಗಡು ಇನ್ನೂ ತೂಗುತ್ತಿತ್ತು. ನವ್ಯ ಎದ್ದು ಆ ಕಡೆಗೆ ಕೈಮುಗಿದಳು. "ನಂಜಮ್ಮ, ನಾನು ತಪ್ಪು ತಿಳ್ಕೊಂಡಿದ್ದೆ," ಎಂದಳು.

ಮರುದಿನದಿಂದ ಪ್ರವೀಣ್ ಅವಳ ಪಕ್ಕದಲ್ಲೇ ನಡೆದ. ಜನ ಆಡಿಕೊಂಡರು. ಆಡಿಕೊಳ್ಳಲಿ! ದಾರಿಯ ಮಾತು ಮೊದಲು ಆನೆಯದಾಗಿತ್ತು, ಆಮೇಲೆ ಊಟದ್ದಾಯಿತು, ಆಮೇಲೆ ಅಮ್ಮನದಾಯಿತು.

ಕಾಫಿ ಹೂ ಅರಳಿದ ಒಂದು ಮುಂಜಾನೆ, ತೋಟವೆಲ್ಲ ಬೆಳ್ಳಗಾಗಿ ಘಮ್ಮೆನ್ನುತ್ತಿದ್ದಾಗ, ಪ್ರವೀಣ್ ತಡವರಿಸುತ್ತ ಹೇಳಿದ.

"ನನ್ನ ಹತ್ರ ಒಂದಿಷ್ಟು ದುಡ್ಡೈತೆ. ನಿಮ್ಮ ಸಾಲ ಕಟ್ಬುಡಣ. ಆಮೇಲೆ... ನಿಮ್ಮಮ್ಮನ್ನ ಬಂದು ಕೇಳ್ತೀನಿ."

ನವ್ಯ ನಿಂತಳು. "ಬೇಡ. ಅಮ್ಮನ ಹೆಸರನ್ನ ಬೀದೀಲಿ ಕೂಗಿದ್ರು. ಆ ಸಾಲ ನಾನೇ ತೀರಿಸ್ಬೇಕು."

ಅವನ ಮುಖ ಬಾಡಿತು. "ಸರಿ. ತೀರೋವರೆಗೂ ಕಾಯ್ತೀನಿ. ಎಷ್ಟು ವರ್ಷ ಆದ್ರೂ..."

ಕಾಯುವುದು! ತಾನೂ ಅದನ್ನೇ ಮಾಡುತ್ತಿದ್ದಳಲ್ಲವೇ? ಬ್ಯಾಂಕಿನವರು ಕೇಳಿದ್ದು ದುಡ್ಡನ್ನು ಮಾತ್ರ. ನಗುವನ್ನೂ ಪ್ರೀತಿಯನ್ನೂ ಅಡವಿಟ್ಟವಳು ತಾನೇ! ಅವತ್ತು ಮಂಜಿನಲ್ಲಿ ಆ ಸೊಂಡಿಲು ಇಳಿದಿದ್ದರೆ, ಬದುಕದೇ ಉಳಿಸಿದ ದಿನಗಳನ್ನು ಯಾರು ತಂದುಕೊಡುತ್ತಿದ್ದರು?

"ಕಾಯೋದು ಬೇಡ," ಎಂದಳು ನವ್ಯ. "ಭಾನುವಾರ ಅಮ್ಮನ್ನ ನೋಡೋಕೆ ಹೋಗ್ತೀನಿ. ನೀವೂ ಬನ್ನಿ."

"ನಿಜ್ವಾಗ್ಲೂನಾ?"

"ನಿಜ. ಆದ್ರೆ ಸಾಲ ಇರೋ ಹುಡುಗಿ ಕಣ್ರೀ ನಾನು. ನಿಮ್ಮ ಬಸ್ ಚಾರ್ಜ್ ನೀವೇ ಕೊಟ್ಕೋಬೇಕು!"

ಪ್ರವೀಣ್ ನಕ್ಕುಬಿಟ್ಟ. ಅವನ ಕಣ್ಣು ಒದ್ದೆಯಾಗಿತ್ತು.

"ಕೊಟ್ಕೋತೀನಿ ಮಾರಾಯ್ತಿ! ಸಾಲಾನೂ ನಿಂದೇ ಇರ್ಲಿ... ನೀನು ಮಾತ್ರ ನಂಗಿರು."