ಹನ್ನೊಂದು ಶಾಲೆಗೆ ಒಂದೇ ಗ್ರಂಥಾಲಯ

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಶಿಕ್ಷಣಾಧಿಕಾರಿಗಳು ಸ್ವತಃ ಠಾಣೆಗೆ ಬಂದರು. ಹಿಂದೆಯೇ ಒಬ್ಬ ಟೆಂಪೊ ಡ್ರೈವರ್. ಅಧಿಕಾರಿಗಳ ಮುಖ ಇಂಗು ತಿಂದ ಮಂಗನಂತಾಗಿತ್ತು. ಡ್ರೈವರ್ ತಲೆಯನ್ನೇ ಎತ್ತುತ್ತಿರಲಿಲ್ಲ.

"ಗ್ರಂಥಾಲಯ ಕಳುವಾಗಿದೆ," ಎಂದರು ಅಧಿಕಾರಿಗಳು.

"ಅಂದ್ರೆ, ಪುಸ್ತಕನಾ?" ಇನ್ಸ್‌ಪೆಕ್ಟರ್ ಕೇಳಿದರು.

"ಪೂರ್ತಿ ಗ್ರಂಥಾಲಯ ಸ್ವಾಮಿ! ಪುಸ್ತಕ, ಕಪಾಟು, ಚಾಪೆ, 'ಓದೇ ನಮ್ಮ ಮೊದಲ ಆದ್ಯತೆ' ಅನ್ನೋ ಬೋರ್ಡು ಸಮೇತ."

"ಯಾವ ಶಾಲೇದು?"

ಅಧಿಕಾರಿಗಳು ಕೆಮ್ಮಿದರು. ನೀರು ಕುಡಿದರು. ಮತ್ತೆ ಕೆಮ್ಮಿದರು.

ಎಫ್‌ಐಆರ್‌ನಲ್ಲಿ ಆ ಒಂದು ಖಾನೆ ತುಂಬಿಸುವಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್‌ಗೆ ಸಾಕುಸಾಕಾಯಿತು. ಸಂಗತಿ ಇಷ್ಟು. ತಮ್ಮ ವ್ಯಾಪ್ತಿಯ ಹನ್ನೊಂದು ಶಾಲೆಗೂ ಒಂದೊಂದು ಗ್ರಂಥಾಲಯ ಕೊಟ್ಟಾಗಿದೆ, ಪ್ರಗತಿ ನೂರಕ್ಕೆ ನೂರು ಎಂದು ಅಧಿಕಾರಿಗಳು ಮೇಲಕ್ಕೆ ವರದಿ ಕಳಿಸಿದ್ದರು. ಅದನ್ನು ಕಣ್ಣಾರೆ ಕಾಣಲು ಪರಿಶೀಲನಾ ತಂಡ ವಾರಕ್ಕೊಂದು ಶಾಲೆಗೆ ಬರುತ್ತಿತ್ತು. ಇದ್ದದ್ದು ಮಾತ್ರ ಒಂದೇ ಗ್ರಂಥಾಲಯ. ತಂಡ ಒಂದು ಶಾಲೆ ನೋಡಿ ಹೋದ ಮೇಲೆ, ಮುಂದಿನ ಭೇಟಿಗೆ ಮುಂಚೆ ಅದು ಟೆಂಪೊ ಹತ್ತಿ ಮುಂದಿನ ಶಾಲೆ ಸೇರುತ್ತಿತ್ತು. ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಪುಟ ಮಾಸಿದರೆ ಮುಂದಿನ ಶಾಲೆಯಲ್ಲಿ ಹೊಸದೆಂದು ತೋರಿಸುವುದು ಹೇಗೆ? ಎಲ್ಲ ಕಡೆ ಒಂದೇ ಶಿಸ್ತು ಎಂದು ತಂಡ ಮೆಚ್ಚಿಯೂ ಇತ್ತಂತೆ, ಕರ್ಮ!

ಇನ್ಸ್‌ಪೆಕ್ಟರ್ ಹನ್ನೊಂದು ಶಾಲೆಗಳಿಗೂ ಫೋನ್ ಮಾಡಿಸಿದರು. ಹನ್ನೊಂದು ಕಡೆಯಿಂದಲೂ "ನಮ್ಮ ಗ್ರಂಥಾಲಯ ಭದ್ರವಾಗಿದೆ" ಎಂಬ ಉತ್ತರ ಬಂತು.

"ನಾಳೆ ತಂಡ ಐದನೇ ಶಾಲೆಗೆ ಬರುತ್ತೆ," ಎಂದರು ಅಧಿಕಾರಿಗಳು. "ಅಷ್ಟರೊಳಗೆ ಸಿಗ್ಲಿಲ್ಲ ಅಂದ್ರೆ ನನ್ನ ಕುರ್ಚಿ ಹೋಯ್ತು. ಕದ್ದೋನು ನಮ್ಮ ಇಲಾಖೆಯವನೇ ಆಗಿದ್ರೆ ಅವನ ನೌಕರಿ ತೆಗೆದೇ ತೆಗೀತೀನಿ."

ಡ್ರೈವರನ ವಿಚಾರಣೆ ಶುರುವಾಯಿತು.

"ಎಲ್ಲಿ ಲೋಡ್ ಮಾಡಿದ್ದು?"

"ನಾಲ್ಕನೇ ಶಾಲೇಲಿ ಸಾರ್. ನಿನ್ನೆ ಮಧ್ಯಾಹ್ನ."

"ದಾರೀಲಿ ಎಲ್ಲಾದ್ರೂ ನಿಲ್ಲಿಸಿದ್ಯಾ?"

"ದೇವರಾಣೆಗೂ ಇಲ್ಲ."

"ಹೊರಡೋಕೆ ಮುಂಚೆ?"

"ಒಂಚೂರು ಕಣ್ಣು ಮುಚ್ಚಿದೆ."

"ಎಷ್ಟು ಚೂರು?"

"ಎರಡು ಗಂಟೆ ಸಾರ್."

"ಗಾಡಿ ಖಾಲಿ ಓಡ್ತಿದೆ ಅಂತ ಗೊತ್ತಾಗ್ಲಿಲ್ವೇನಯ್ಯಾ?"

"ಏರು ದಾರೀಲಿ ಎಷ್ಟು ಚೆನ್ನಾಗಿ ಎಳೀತಿದೆ ಅಂತ ಖುಷಿಯಾಯ್ತು ಸಾರ್."

ಹನ್ನೊಂದೂವರೆಗೆ ಇನ್ಸ್‌ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೇಬಲ್ ನಾಲ್ಕನೇ ಶಾಲೆ ತಲುಪಿದರು. ಮುಖ್ಯೋಪಾಧ್ಯಾಯಿನಿ ಗ್ರಂಥಾಲಯ ಇಲ್ಲೇ ಇದೆ ಎಂದು ಸಾಧಿಸಿದರು. ಬಾಗಿಲು ತೆಗೆಸಿದರೆ ಒಳಗೆ ನಾಲ್ಕು ಗೋಡೆ, ಬೋರ್ಡು ನೇತುಹಾಕಿದ್ದ ಒಂದು ಮೊಳೆ. ಇಬ್ಬರು ಪಂಚರ ಎದುರು ಮೊಳೆಯ ಪಂಚನಾಮೆಯಾಯಿತು.

ವರಾಂಡದಲ್ಲಿ ಹೆಡ್ ಕಾನ್‌ಸ್ಟೇಬಲ್ ತಟ್ಟನೆ ನಿಂತ.

"ಸಾರ್, ಇಲ್ಲೇನೋ ಎಡವಟ್ಟಿದೆ."

"ಏನ್ರೀ?"

"ಏಳನೇ ಕ್ಲಾಸಿಗೆ ಈಗ ಆಟದ ಪಿರಿಯಡ್ ಅಂತೆ. ಮೈದಾನದಲ್ಲಿ ನರಪಿಳ್ಳೆ ಇಲ್ಲ, ಸದ್ದೂ ಇಲ್ಲ. ನಮ್ಮನೇಲಿ ಮೂರು ಮಕ್ಕಳಿದಾವೆ ಸಾರ್. ಸದ್ದಿಲ್ಲ ಅಂದ್ರೆ ಏನೋ ಕಿತಾಪತಿ ನಡೀತಿದೆ ಅಂತಲೇ ಅರ್ಥ."

ಮೈದಾನದ ಮೂಲೆಯಲ್ಲಿ ಆಟದ ಸಾಮಾನಿನ ಕೋಣೆ. ಬಾಗಿಲು ಮುಚ್ಚಿತ್ತು. ಇಬ್ಬರೂ ಕಿಟಕಿಯಿಂದ ಇಣುಕಿದರು. ಚಾಪೆಯ ಮೇಲೆ ಇಡೀ ತರಗತಿ ಬಾಯಿ ತೆರೆದು ಕುಳಿತಿತ್ತು. ಕಪಾಟಿನ ಎದುರು ಪಿಟಿ ಮೇಷ್ಟ್ರು, ಊರೆಲ್ಲ ಭೀಮಣ್ಣ ಎಂದು ಕರೆಯುವ ಆಜಾನುಬಾಹು ಆಸಾಮಿ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕತೆ ಓದುತ್ತಿದ್ದರು. ಕತೆಯೊಳಗೆ ರಾಜಮುದ್ರೆ ನುಂಗಿದ ಒಂದು ಆಡನ್ನು ಆಸ್ಥಾನದಲ್ಲಿ ವಿಚಾರಣೆಗೆ ನಿಲ್ಲಿಸಿದ್ದರು.

ಇನ್ಸ್‌ಪೆಕ್ಟರ್ ಬಾಗಿಲಿಗೆ ಕೈ ಹಾಕಿದರು. ಹೆಡ್ ಕಾನ್‌ಸ್ಟೇಬಲ್ ಅವರ ತೋಳು ಹಿಡಿದ. "ತಡೀರಿ ಸಾರ್, ಆಡಿಗೆ ಗಲ್ಲು ಅಂತ ತೀರ್ಪಾಗ್ತಿದೆ."

ಗಂಟೆ ಹೊಡೆಯಿತು. ಒಂದು ಮಗುವೂ ಏಳಲಿಲ್ಲ. ಆಗ ಇಬ್ಬರೂ ಒಳಗೆ ಹೋದರು.

"ಇದನ್ನ ಕದ್ದಿದ್ದು ನೀವಾ?"

"ಹೌದು ಸಾರ್."

"ಒಬ್ಬರೇನಾ?"

ಹಿಂದಿದ್ದ ಮಕ್ಕಳೆಲ್ಲ ಕೈ ಎತ್ತಿದರು.

"ಕೈ ಇಳಿಸ್ರೋ!" ಮೇಷ್ಟ್ರು ಗದರಿದರು. "ಇವರದೇನೂ ತಪ್ಪಿಲ್ಲ ಸಾರ್. ಇದೂ ಒಂದು ಡ್ರಿಲ್ ಅಂದೆ. ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದ್ರು. ಕಪಾಟು ನಾನೇ ಹೊತ್ತೆ."

"ಓದ್ತಿದ್ದ ಪುಸ್ತಕ ಒಂದೇ ಇಟ್ಕೊಂಡಿದ್ರೆ ಆಗ್ತಿರ್ಲಿಲ್ವಾ?"

"ಮುಂದೆ ಯಾವುದು ಓದೋದು ಅಂತ ಆಗ್ಲೇ ಕಿತ್ತಾಡ್ತಿದ್ರು ಸಾರ್."

"ಕೆಲಸ ಹೋಗುತ್ತೆ, ಗೊತ್ತು ತಾನೆ?"

"ಗೊತ್ತು. ಮನೇಲೂ ಹೇಳಿದೆ. ಅವಳು ತಲೆ ಮೇಲೆ ಕೈ ಹೊತ್ತು ಕೂತ್ಲು. ಆಮೇಲೆ, 'ಹಾಳಾಗಿ ಹೋಗ್ಲಿ, ಆ ಆಡು ಏನಾಯ್ತು ಅಂತಾದ್ರೂ ತಿಳ್ಕೊಂಡು ಬನ್ನಿ' ಅಂದ್ಲು."

ಹನ್ನೆರಡೂಕಾಲಿಗೆ ಮೇಷ್ಟ್ರ ಬಂಧನವಾಯಿತು. ಸುದ್ದಿ ತಿಳಿದು ಅಧಿಕಾರಿಗಳು ಟೆಂಪೊ ಸಮೇತ ಓಡಿ ಬಂದರು.

"ಅಬ್ಬಾ, ಬದುಕಿದೆ! ಬೇಗ ಹೇರಿಸಿ."

"ಆಗಲ್ಲ ಸಾರ್. ಇದು ಜಪ್ತಿಯಾದ ಮಾಲು. ಕೋರ್ಟಿನ ಅಪ್ಪಣೆ ಇಲ್ಲದೆ ಒಂದು ಹಾಳೆ ಅಲುಗಾಡೋ ಹಾಗಿಲ್ಲ."

"ನಾಳೆ ತಂಡಕ್ಕೆ ನಾನೇನು ತೋರಿಸ್ಲಿ?"

"ನಿಮ್ಮ ದೂರಿನ ನಕಲು ಕೊಡ್ತೀನಿ. ಅದನ್ನೇ ತೋರಿಸಿ."

ಠಾಣೆಯ ಉಗ್ರಾಣದಲ್ಲಿ ಜಾಗವಿಲ್ಲದ ಕಾರಣ ಮಾಲನ್ನು ಮುಖ್ಯೋಪಾಧ್ಯಾಯಿನಿಯ ಸುಪರ್ದಿಗೆ ಒಪ್ಪಿಸಲಾಯಿತು. ಮುಚ್ಚಳಿಕೆಯಲ್ಲಿ ಇನ್ಸ್‌ಪೆಕ್ಟರ್ ತಾವೇ ಒಂದು ಷರತ್ತು ಸೇರಿಸಿದರು: ಹುಳು ಹಿಡಿಯದಂತೆ ಪ್ರತಿದಿನ ಎಲ್ಲ ಪುಸ್ತಕಗಳ ಪುಟ ತಿರುವಿಸತಕ್ಕದ್ದು; ಕೈಗಳು ಸಾಲದಿದ್ದರೆ ವಿದ್ಯಾರ್ಥಿಗಳ ನೆರವು ಪಡೆಯತಕ್ಕದ್ದು.

ಸಂಜೆ ಜಾಮೀನಿಗೆ ಮುನ್ನ ಮೇಷ್ಟ್ರ ಹೇಳಿಕೆ ದಾಖಲಾಯಿತು. ಅಮಾನತಿನ ಆದೇಶ ಆಗಲೇ ಅವರ ಕೈ ಸೇರಿತ್ತು. ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಅವರು ಹೇಳಿದರು:

"ಮಕ್ಕಳನ್ನ ಓಡ್ಸೋದೇ ನನ್ನ ಕೆಲಸ ಸಾರ್. ನನ್ನ ಕಂಡ್ರೂ ಓಡ್ತಾರೆ, ಅದೂ ಅಭ್ಯಾಸ ಆಗ್ಹೋಗಿದೆ. ಹೋದ ವಾರ ಮೈದಾನ ಕೆಸರಾಗಿತ್ತು. ಒಳಗೆ ಕೂರಿಸಿ, ಕದ್ದುಮುಚ್ಚಿ ಕಪಾಟು ತೆಗೆದು ಓದೋಕೆ ಶುರು ಮಾಡ್ದೆ. ನಿನ್ನೆ ಅರ್ಧ ಕತೇಲಿ ಟೆಂಪೊ ಬಂತು. ಪುಸ್ತಕ ಮುಚ್ಚಿದೆ. ಒಂದು ಹುಡುಗಿ ಇದಾಳೆ, ಶಾಲೆಗೆ ಸೇರಿದಾಗಿನಿಂದ ನನ್ನ ಹತ್ರ ತುಟಿ ಬಿಚ್ಚಿದವಳಲ್ಲ. ಎದ್ದು ಬಂದು ನನ್ನ ಕೈ ಹಿಡ್ಕೊಂಡು, 'ಆಮೇಲೆ ಏನಾಯ್ತು ಸಾರ್?' ಅಂದ್ಲು. ಹೊರಗೆ ಡ್ರೈವರ್ ಹಾರ್ನ್ ಹೊಡೀತಿದ್ದ. ನಾನು ಏನು ಹೇಳ್ಬೇಕಿತ್ತು ಸಾರ್?"